ಗುರ್ಕಾರರ ಮನೆಯ ತೆರ್ಸ್

ನಮ್ಮ ಪಾಗಾರದ ಗೋಡೆಯ ಆಚೆ ಇರುವುದು ಸಿಪ್ರಿಯನ್ ಮೊಂತೇರೊ ಅವರ ಮನೆ. ಡಿಸೆಂಬರ್ ಹತ್ತಿರವಾದ ಕೂಡಲೇ ಅವರ ಗೇಟಿಗೆ ಒಂದು ಬ್ಯಾನರ್ ಬಂತು: ‘ಪ್ರಾರ್ಥನೆ ಮೊದಲು, ಕುಟುಂಬ ಮೊದಲು.’ ಎರಡೂ ಒಟ್ಟಿಗೆ ಹೇಗೆ ಮೊದಲಾಗುತ್ತವೆ ಎಂದು ನನಗೆ ಅರ್ಥವಾಗಲಿಲ್ಲ. ಕಟ್ಟಿದವರಿಗೂ ಅರ್ಥವಾಗಿರಲಿಕ್ಕಿಲ್ಲ, ಯಾಕೆಂದರೆ ಆ ತಿಂಗಳಲ್ಲಿ ಆ ಮನೆಯಲ್ಲಿ ಎರಡೂ ಕೊನೆಗೆ ಹೋದವು.

ಸಿಪ್ರಿಯನ್ ಕೆಟ್ಟವರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಪುತ್ತೂರಿನಲ್ಲಿ ಪೈಪು, ನಲ್ಲಿ ಮಾರುವ ಅಂಗಡಿ ಇದೆ. ನಮ್ಮ ಕೆದಂಬಾಡಿಯಲ್ಲಿ ಯಾರ ಮನೆಯಲ್ಲಿ ಸಾವಾಗಲಿ, ಮದುವೆಯಾಗಲಿ, ಚಪ್ಪರದ ಕಂಬ ಹಿಡಿಯಲಿಕ್ಕೆ ಮೊದಲು ಬರುವವರು ಅವರು. ಇಗರ್ಜಿಯವರು, ಅಂದರೆ ಚರ್ಚಿನವರು, ನಮ್ಮ ಭಾಗದ ಕ್ರೈಸ್ತರ ಮನೆಗಳಿಗೆಲ್ಲ ಅವರನ್ನೇ ಮುಖಂಡ ಮಾಡಿದ್ದಾರೆ. ಅದಕ್ಕೆ ಅವರಲ್ಲಿ ಗುರ್ಕಾರ್ ಎನ್ನುತ್ತಾರೆ. “ಮನೆಗೆ ಮಾರಿ, ಊರಿಗೆ ಉಪಕಾರಿ,” ಎಂದು ನನ್ನ ಗಂಡ ತ್ಯಾಂಪಣ್ಣ ಅವರನ್ನು ತಮಾಷೆ ಮಾಡುವುದುಂಟು. ಇವರು ಭಜನಾ ಮಂದಿರದ ಅಧ್ಯಕ್ಷರು. ಸಂಜೆ ಆರರ ನಂತರ ಇವರನ್ನು ನಾನು ಮನೆಯಲ್ಲಿ ನೋಡಿ ವರ್ಷಗಳಾದವು. ಗಾದೆ ಹೇಳುವಾಗ ಕನ್ನಡಿ ಎದುರಿಗೆ ಇರುವುದಿಲ್ಲವಲ್ಲ.

ಸಿಪ್ರಿಯನ್ ಈ ಸಲ ಒಂದು ಅಭಿಯಾನ ಶುರು ಮಾಡಿದರು. ಕ್ರಿಸ್‌ಮಸ್ಸಿಗೆ ಮೊದಲಿನ ವಾರಗಳಲ್ಲಿ ಪ್ರತಿ ಸಂಜೆ ಒಂದೊಂದು ಮನೆಗೆ ಹೋಗುವುದು, ಆ ಮನೆಯವರನ್ನೆಲ್ಲ ಒಟ್ಟಿಗೆ ಕೂರಿಸಿ ತೆರ್ಸ್ ಹೇಳಿಸುವುದು. ತೆರ್ಸ್ ಅಂದರೆ ಜಪಮಾಲೆ ಹಿಡಿದು ಮಾಡುವ ಅವರ ಮುಸ್ಸಂಜೆಯ ಪ್ರಾರ್ಥನೆ. ಹಿಂದೆ ಎಲ್ಲರ ಮನೆಯಲ್ಲೂ ಇತ್ತು; ಟಿವಿ ಬಂದು ಅರ್ಧ ಹೋಯಿತು, ಮೊಬೈಲ್ ಬಂದು ಉಳಿದರ್ಧವೂ ಹೋಯಿತು. ಅದನ್ನು ಮರಳಿ ತರಬೇಕು ಎಂಬುದು ಸಿಪ್ರಿಯನ್ ಹಟ. ಫಾದರ್ ಇಗರ್ಜಿಯ ಪ್ರಸಂಗದಲ್ಲಿ ಹೆಸರು ಹೇಳಿ ಹೊಗಳಿದರಂತೆ. ಹಾಗಾಗಿ ದಿನಾ ಸಂಜೆ ಅಂಗಡಿ ಮುಚ್ಚಿ ಅವರು ನೇರ ಯಾರದೋ ಮನೆಗೆ ಹೋಗಿ, ಆ ಮನೆಯ ಗಂಡ ಹೆಂಡತಿ ಮಕ್ಕಳನ್ನು ಒಂದು ಚಾಪೆಯ ಮೇಲೆ ಕೂರಿಸುತ್ತಿದ್ದರು.

ಅವರ ಹೆಂಡತಿ ಬೆನ್ನಾ ಅದೇ ಹೊತ್ತಿಗೆ ಹಿಂದಿನ ಶೆಡ್ಡಿನಲ್ಲಿ ಕುಸ್ವಾರ್ ಕರಿಯುತ್ತಿದ್ದಳು. ಕ್ರಿಸ್‌ಮಸ್ಸಿಗೆ ಹಂಚುವ ನೆವ್ರಿ, ಗುಳಿಯೊ, ಕಿಡಿಯೊ, ಚಕ್ಕುಲಿ ಎಲ್ಲ ಸೇರಿ ಕುಸ್ವಾರ್. ಮೊದಲು ಮನೆಗೆಂದು ಮಾಡುತ್ತಿದ್ದಳು. ಈಗ ಕಾಣಿಯೂರಿನಿಂದ ಸುಳ್ಯದವರೆಗೆ ಆರ್ಡರು. ಮಗಳು ಜೆನಿಟಾ ಹಾಡಿನ ತಂಡದವಳು. ಅವಳಿಗೆ ಇಗರ್ಜಿಯಲ್ಲಿ ಅಭ್ಯಾಸ. ಮನೆಯಲ್ಲಿ ಮುಸ್ಸಂಜೆಗೆ ಉಳಿಯುತ್ತಿದ್ದುದು ಸಿಪ್ರಿಯನ್‌ರ ತಾಯಿ ಕಾರ್ಮಿನ್ ಬಾಯಿ ಒಬ್ಬರೇ. ಎಂಬತ್ತು ದಾಟಿದವರು, ಮೊಣಕಾಲು ಸೋತಿದೆ, ಕಣ್ಣು ಮಂಜು, ನಾಲಿಗೆಗೆ ಮಾತ್ರ ಏನೂ ಆಗಿಲ್ಲ. ನಾವು ಅವರನ್ನು ಬಾಯಮ್ಮ ಎಂದು ಕರೆಯುವುದು. ಅವರದು ಕೊಂಕಣಿ, ನಮ್ಮದು ತುಳು. ಪಾಗಾರದ ಮೇಲಿಂದ ಎರಡಕ್ಕೂ ಕನ್ನಡ ಕಲಸಿ ಮಾತಾಡಿಕೊಂಡೇ ನಾನು ಮುದುಕಿಯಾದದ್ದು.

ಈಗ ಕಷ್ಟ ಏನೆಂದರೆ, ತೆರ್ಸಿಗೆ ಎರಡು ಕಡೆ ಬೇಕು. ಪ್ರತಿ ಪ್ರಾರ್ಥನೆಯ ಮೊದಲರ್ಧವನ್ನು ಒಬ್ಬರು ಹೇಳುತ್ತಾರೆ, ಉಳಿದರ್ಧವನ್ನು ಬೇರೆಯವರು ಹೇಳಿ ಮುಗಿಸುತ್ತಾರೆ. ಅದಕ್ಕೆ ‘ಉತ್ತರ ಕೊಡುವುದು’ ಎನ್ನುತ್ತಾರೆ. ಆ ಮನೆಯಲ್ಲಿ ಮೊದಲರ್ಧ ಬಾಯಮ್ಮನದು, ಗಂಡ ಸತ್ತ ಮೇಲೆ ಯಾರಿಗೂ ಬಿಟ್ಟುಕೊಟ್ಟವರಲ್ಲ. ಒಬ್ಬರೇ ಎರಡೂ ಭಾಗ ಹೇಳಿಕೊಂಡರೂ ತಪ್ಪಿಲ್ಲ ಎಂದು ಫಾದರ್ ಸಮಾಧಾನ ಹೇಳಿದ್ದರಂತೆ.

“ಫಾದರಿಗೆ ಅಭ್ಯಾಸ ಉಂಟು, ಅವರು ಇರುದೇ ಒಬ್ಬರು,” ಎಂದು ಬಾಯಮ್ಮ ನನ್ನಲ್ಲಿ ಹೇಳಿದರು. “ನನಗೆ ಮಗ ಇದ್ದಾನಲ್ಲ.”

ಅಭಿಯಾನದ ಮೊದಲ ವಾರ. ನಾನು ತುಳಸಿಯ ಬುಡದಲ್ಲಿ ದೀಪ ಇಡುತ್ತಿದ್ದೆ. ಆಚೆಯಿಂದ ಬಾಯಮ್ಮನ ಸ್ವರ ಕೇಳಿತು. ‘ನಮಾನ್ ಮರಿಯೆ’ ಎಂದು ಮೇರಿಯಮ್ಮನ ಪ್ರಾರ್ಥನೆ ಶುರುವಾಗಿ ಅರ್ಧಕ್ಕೆ ಬಂದು ನಿಂತಿತು. ಆಮೇಲೆ ಏನೂ ಇಲ್ಲ. ಯಾರೋ ಉತ್ತರ ಕೊಟ್ಟು ಮುಗಿಸುವಷ್ಟು ಹೊತ್ತು ಸುಮ್ಮನಿದ್ದು ಮತ್ತೆ ಮೊದಲಿಂದ ಹೇಳಿದರು. ಮತ್ತೆ ನಿಂತಿತು. ಖಾಲಿ ಕುರ್ಚಿಗೆ ಚಹಾ ಕೊಟ್ಟು ಲೋಟಕ್ಕೆ ಕಾಯುವ ಹಾಗೆ. ನನಗೆ ತಡೆಯಲಿಕ್ಕಾಗಲಿಲ್ಲ. ಮದುವೆಯಾಗಿ ಬಂದಂದಿನಿಂದ ಕೇಳಿದ್ದು, ಬಾಯಿಗೆ ಬಂದೇ ಇತ್ತು. ಅರ್ಥ ಪೂರ್ತಿ ಗೊತ್ತಿಲ್ಲ. ನಮ್ಮ ಭಟ್ಟರು ಹೇಳುವ ಮಂತ್ರದ್ದು ಮಾತ್ರ ಗೊತ್ತುಂಟೇ? ಪಾಗಾರದ ಈಚೆಯಿಂದಲೇ ಉಳಿದರ್ಧ ಹೇಳಿದೆ.

“ಯಾರದು?”

“ನಾನು ಬಾಯಮ್ಮ, ಸೀತು.”

“ಅಲ್ಲಿಂದ ಎಂತಕ್ಕೆ ಬೊಬ್ಬೆ ಹೊಡೆಯುದು? ಒಳಗೆ ಬಾ.”

ಹೀಗೆ ನಾನು ಉತ್ತರ ಕೊಡುವವಳಾದೆ. ದಿನಾ ದೀಪ ಇಟ್ಟು ಗೇಟು ಸುತ್ತಿ ಹೋಗುವುದು, ಏಸುವಿನ ಫೋಟೋದ ಎದುರು ಬಾಯಮ್ಮನ ಕುರ್ಚಿಯ ಹತ್ತಿರ ಚಾಪೆ ಹಾಕಿ ಕೂರುವುದು. ತ್ಯಾಂಪಣ್ಣನಿಗೆ ಸುದ್ದಿ ಮುಟ್ಟಲಿಕ್ಕೆ ಎರಡು ದಿನ ಹಿಡಿಯಿತು. ಮುಟ್ಟಿದ್ದೂ ಮಂದಿರದಲ್ಲಿ.

“ನೀನೆಂತ, ಪೊರ್ಬುಗಳ ಜಾತಿಗೆ ಸೇರಿದ್ದಾ?” ಎಂದು ಕೇಳಿದರು. ನಮ್ಮ ಕಡೆ ಕ್ರೈಸ್ತರನ್ನು ಪೊರ್ಬುಗಳು ಎನ್ನುವುದು ರೂಢಿ.

“ನಿಮ್ಮ ಭಜನೆಗೆ ತಾಳ ಹಾಕ್ಲಿಕ್ಕೆ ಊರೇ ಉಂಟು. ಬಾಯಮ್ಮನಿಗೆ ಯಾರಿದ್ದಾರೆ?” ಎಂದೆ. “ನಿಮಗೆ ಬೇಡಾದ್ರೆ ನಾಳೆಯಿಂದ ಮನೆಯಲ್ಲಿರಿ. ನಾವಿಬ್ಬರೇ ಭಜನೆ ಮಾಡುವ.”

ಅವರಿಗೆ ತುರ್ತಾಗಿ ಮಂದಿರದ ಬೀಗದ ಕೈ ನೆನಪಾಯಿತು. ಮತ್ತೆ ಆ ಮಾತು ಬರಲಿಲ್ಲ. ಬೆನ್ನಾ ಕೊಟ್ಟ ಮುರಿದ ನೆವ್ರಿಗಳನ್ನು ಮಾತ್ರ ಭೇದವಿಲ್ಲದೆ ತಿನ್ನುತ್ತಿದ್ದರು.

ತೆರ್ಸ್ ಮುಗಿದ ಮೇಲೆ ಅವರಲ್ಲಿ ಒಂದು ಕ್ರಮ ಉಂಟು. ಚಿಕ್ಕವರು ಹಿರಿಯರ ಎದುರು ಬಗ್ಗಿ ‘ಬೆಸಾಂವ್’ ಕೇಳುತ್ತಾರೆ, ಅಂದರೆ ಆಶೀರ್ವಾದ. ಹಿರಿಯರು ತಲೆಯ ಮೇಲೆ ಕೈ ಇಡುತ್ತಾರೆ. ಬಾಯಮ್ಮ ನನ್ನ ತಲೆಯ ಮೇಲೂ ಇಟ್ಟರು. ಒಂದು ದಿನ ಹಾಗೆ ಇಟ್ಟ ಕೈಯನ್ನು ತೆಗೆಯಲಿಲ್ಲ.

“ಸಿಪ್ರಿಯ ತಲೆ ಮುಟ್ಟದೆ ಎಷ್ಟು ಸಮಯ ಆಯ್ತು ಗೊತ್ತುಂಟಾ ಸೀತು?” ಎಂದರು. “ಬೆಳಿಗ್ಗೆ ನಾನು ಏಳುವ ಮೊದಲು ಅಂಗಡಿ. ರಾತ್ರಿ ನಾನು ಮಲಗಿದ ಮೇಲೆ ಮನೆ. ನತಾಲಿನ ಒಳಗೆ ಒಂದು ದಿನ ಅವನು ಇಲ್ಲಿ ಕೂತು ನನಗೆ ಉತ್ತರ ಕೊಡ್ಬೇಕು. ಅಷ್ಟೇ ನನಗೆ ಬೇಕಾದ್ದು.”

ನತಾಲ್ ಅಂದರೆ ಅವರ ಭಾಷೆಯಲ್ಲಿ ಕ್ರಿಸ್‌ಮಸ್.

“ಕೊಡ್ತಾರೆ ಬಾಯಮ್ಮ. ಈ ನತಾಲಿಗೆ ಅಲ್ಲದಿದ್ರೆ ಬರುವ ನತಾಲಿಗೆ.”

“ಬರುವ ನತಾಲಿಗೆ ನಾನಿರ್ತೇನೆ ಅಂತ ನಿನಗೆ ಯಾರು ಹೇಳಿದ್ದು?”

ಮರುದಿನ ಬೆಳಿಗ್ಗೆ ಸಿಪ್ರಿಯನ್ ಬೈಕು ಹೊರಡಿಸುವಾಗ ಗೇಟಿನಲ್ಲೇ ಹಿಡಿದೆ. ತಾಯಿಯ ಆಸೆಯನ್ನು ಇದ್ದ ಹಾಗೆ ಹೇಳಿದೆ. ಅವರು ತಲೆ ತಗ್ಗಿಸಿ ಕೇಳಿದರು, ಅಷ್ಟರಲ್ಲಿ ಎರಡು ಸಲ ಫೋನು ಬಂತು.

“ಇಪ್ಪತ್ತಮೂರಕ್ಕೆ ನಮ್ಮದೇ ಮನೆ ಸೀತಕ್ಕ. ಅಭಿಯಾನದ ಕೊನೆಯ ಮನೆ,” ಎಂದರು.

“ಅದನ್ನು ಮೊದಲು ಇಡ್ಬಹುದಿತ್ತಲ್ಲ ಮಾರಾಯ್ರೆ.”

“ಗುರ್ಕಾರ ತನ್ನ ಮನೆ ಮೊದಲು ಇಟ್ಟರೆ ಜನ ಎಂತ ಹೇಳಿಯಾರು? ಮತ್ತೆ, ನೀವಿದ್ದೀರಲ್ಲ. ಮಾಂಯ್ ಒಬ್ಬರೇ ಅಲ್ಲ ಅಂತ ನನಗೆ ಅದೇ ಒಂದು ಧೈರ್ಯ.”

ಮಾಂಯ್ ಅಂದರೆ ತಾಯಿ. ಬೈಕು ಹೋಯಿತು. ನನಗೆ ಕೆಟ್ಟ ಸಿಟ್ಟು ಬಂತು. ನಾನು ಉಪಕಾರ ಮಾಡಿದ್ದು ಮುದುಕಿಗೆ ಎಂದುಕೊಂಡಿದ್ದೆ. ಮಾಡಿದ್ದು ಮಗನಿಗೆ ಎಂದು ಅವತ್ತು ತಿಳಿಯಿತು. ನಾನು ಹೋಗದೆ ಇದ್ದರೆ ಅವರಿಗೆ ಒಂದು ದಿನವಾದರೂ ಮನೆಗೆ ಬರಬೇಕಾಗುತ್ತಿತ್ತು. ಹಾಗೆಂದು ಹೋಗದೆ ಇರಲಿಕ್ಕೆ ಮನಸ್ಸಾಗಲಿಲ್ಲ.

ಇಪ್ಪತ್ತಮೂರು ಬಂತು. ಬಾಯಮ್ಮ ಮಧ್ಯಾಹ್ನದಿಂದಲೇ ತಯಾರು. ಪೆಟ್ಟಿಗೆಯಲ್ಲಿದ್ದ ಸೀರೆ ಉಟ್ಟು, ಫೋಟೋದ ಎದುರು ಹೊಸ ಮೇಣದ ಬತ್ತಿ ಇಡಿಸಿ, ನಾನು ಹೋದಾಗ, “ಇವತ್ತು ನಿನಗೆ ರಜೆ. ನಮ್ಮವನೇ ಇದ್ದಾನೆ,” ಎಂದರು. ಮುಖ ಅಷ್ಟು ಬೆಳಗಿದ್ದನ್ನು ನಾನು ನೋಡಿರಲಿಲ್ಲ. ಆದರೂ ರಜೆ ಎಂದದ್ದು ಒಂದು ಚೂರು ಚುಚ್ಚಿತು.

ಸಂಜೆಗೆ ಜನ ಬಂದರು. ಪ್ಲಾಸ್ಟಿಕ್ ಕುರ್ಚಿ ಬಂತು, ಫಾದರ್ ಬಂದರು, ಫೋಟೋ ತೆಗೆಯುವವರು ಬಂದರು. ಚಾವಡಿಯಲ್ಲಿ ಕೆಮ್ಮಿದರೆ ಅಡಿಗೆಮನೆಗೆ ಕೇಳುವ ಮನೆ, ಅದಕ್ಕೂ ಒಂದು ಮೈಕು ಬಂತು. ಕುರ್ಚಿ ಸಾಲದೆ ಬಾಯಮ್ಮನ ಕುರ್ಚಿಯನ್ನು ಯಾರೋ ಎತ್ತಿ ಒಳಕೋಣೆಯ ಬಾಗಿಲಿಗೆ ಇಟ್ಟರು. ಅಲ್ಲಿಂದ ಅವರಿಗೆ ಕಾಣುತ್ತಿದ್ದುದು ಜನರ ಬೆನ್ನು. ಅವರ ಪಕ್ಕದಲ್ಲಿ ನಾನು ನಿಂತೆ.

ಸಿಪ್ರಿಯನ್ ಭಾಷಣ ಮಾಡಿದರು. ಚಂದ ಮಾತಾಡುತ್ತಾರೆ, ಸುಳ್ಳು ಹೇಳಬಾರದು. ಒಟ್ಟಿಗೆ ಉಣ್ಣದ ಮನೆ ಮನೆಯಲ್ಲ ಎಂದರು. ಗಡಿಬಿಡಿಯ ಹಬ್ಬದಲ್ಲಿ ನಾವು ಯಾರಿಗಾಗಿ ಓಡುತ್ತೇವೋ ಅವರನ್ನೇ ದಾಟಿ ಓಡುತ್ತೇವೆ ಎಂದರು. ಹಿರಿಯರ ಕೈ ತಲೆಯ ಮೇಲೆ ಇರುವಷ್ಟು ದಿನ ಅದರ ಬೆಲೆ ಗೊತ್ತಾಗುವುದಿಲ್ಲ ಎಂದಾಗ ಎದುರಿನ ಹೆಂಗಸರು ಕಣ್ಣೊರಸಿಕೊಂಡರು. ನಾನೂ ಒರಸಿಕೊಂಡೆ, ಆಮೇಲೆ ನನ್ನ ಮೇಲೆಯೇ ಸಿಟ್ಟು ಬಂತು. ಕೊನೆಗೆ ಅವರು ನನ್ನ ಕಡೆ ಕೈ ತೋರಿಸಿ, “ನಮ್ಮ ಅಭಿಯಾನದ ಫಲ ನೋಡಿ. ನೆರೆಮನೆಯ ಹಿಂದೂ ಸಹೋದರಿ ಸೀತಕ್ಕ ಕೂಡ ದಿನಾ ತೆರ್ಸಿಗೆ ಉತ್ತರ ಕೊಡ್ತಾರೆ,” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು, ಫಾದರ್ ಎದ್ದು ನಿಂತು ನಮಸ್ಕಾರ ಮಾಡಿದರು. ಹಿಂದೂ ಸಹೋದರಿ ಯಾಕೆ ಬೇಕಾಯಿತು ಎಂದು ಯಾರೂ ಕೇಳಲಿಲ್ಲ.

ತೆರ್ಸ್ ಶುರುವಾಯಿತು. ಮೊದಲರ್ಧ ಹೇಳಲಿಕ್ಕೆ ಹಂಚಿಕೆ ಮೊದಲೇ ಆಗಿತ್ತು: ಕುರ್ಚಿ ಕೊಡಿಸಿದವರಿಗೆ ಒಂದು ಭಾಗ, ಯುವಕರ ಸಂಘಕ್ಕೆ ಒಂದು, ಉಳಿದದ್ದು ಗುರ್ಕಾರರಿಗೆ. ಬಾಯಮ್ಮ ಅವರೆಲ್ಲರ ಜೊತೆ ಮೊದಲರ್ಧವನ್ನು ಹೇಳುತ್ತಲೇ ಇದ್ದರು, ಮೈಕಿನ ಎದುರು ಅದು ನನಗೆ ಮಾತ್ರ ಕೇಳಿತು. ಬೆಸಾಂವ್ ಕೇಳುವ ಹೊತ್ತಿಗೆ ಸಿಪ್ರಿಯನ್‌ರಿಗೆ ಫೋನು ಬಂತು. ಗೋದಲಿ ಸ್ಪರ್ಧೆಯ ತೀರ್ಪುಗಾರರು ಹೇಳಿದ ಸಮಯಕ್ಕಿಂತ ಮೊದಲೇ ಮುಟ್ಟಿದ್ದಾರಂತೆ. ಗೋದಲಿ ಅಂದರೆ ಏಸು ಹುಟ್ಟಿದ ಕೊಟ್ಟಿಗೆಯ ಮಾದರಿ. ನಮ್ಮ ಭಾಗದ್ದನ್ನು ರಸ್ತೆಯ ತಿರುವಿನಲ್ಲಿ ಕಟ್ಟಿದ್ದರು. ತಾಯಿ, ತಂದೆ, ಮಗು ಮೂವರನ್ನೂ ಒಂದೇ ಕಡೆ ಕೂರಿಸಿದ್ದು ನಮ್ಮ ಊರಲ್ಲಿ ಅಲ್ಲಿ ಮಾತ್ರ. ಎಲ್ಲರೂ ಕೇಕಿನ ತುಂಡು ಕೈಯಲ್ಲೇ ಹಿಡಿದುಕೊಂಡು ಅತ್ತ ಓಡಿದರು. ಜೆನಿಟಾ ಹಾಡಲಿಕ್ಕೆ ಓಡಿದಳು, ಬೆನ್ನಾ ಒಲೆಯ ಕಡೆ ಓಡಿದಳು.

ಚಾವಡಿಯಲ್ಲಿ ಕುರ್ಚಿಗಳು ಮಾತ್ರ ಉಳಿದವು. ಬತ್ತಿ ಇನ್ನೂ ಉರಿಯುತ್ತಿತ್ತು.

“ಸೀತು, ಹೋದ್ಯಾ?”

“ಇಲ್ಲ ಬಾಯಮ್ಮ.”

“ನನ್ನನ್ನು ಅಲ್ಲಿಗೆ ಕರ್ಕೊಂಡು ಹೋಗು. ತೆರ್ಸ್ ಹೇಳುವ.”

“ಈಗ ಹೇಳಿದ್ದಲ್ವಾ?”

“ಅದು ಪ್ರೋಗ್ರಾಮ್,” ಎಂದರು ಬಾಯಮ್ಮ.

ನಾನು ಕೈ ಹಿಡಿದು ನಡೆಸಿ ಫೋಟೋದ ಎದುರು ಕೂರಿಸಿದೆ. ನನ್ನ ರಜೆ ಅಲ್ಲಿಗೆ ಮುಗಿಯಿತು. ಅರ್ಧ ಆಗುವಾಗ ಬಾಗಿಲಲ್ಲಿ ಹೆಜ್ಜೆ ಕೇಳಿತು. ಸಿಪ್ರಿಯನ್ ನಿಂತಿದ್ದರು, ಕೈಯಲ್ಲಿ ಬೈಕಿನ ಕೀ.

“ಮೈಕ್ ಬೇಕಿತ್ತು,” ಎಂದರು.

“ಮೈಕ್ ಎಲ್ಲಿಗೂ ಓಡುದಿಲ್ಲ. ನೀನು ಕೂತ್ಕೊ ಪುತಾ.”

ಮಗನೇ ಎಂದು ಅಷ್ಟು ಮೆತ್ತಗೆ ಕರೆದರೆ ಯಾರಿಗಾದರೂ ಕೂರಬೇಕಾಗುತ್ತದೆ. ಅವರು ಒಂದು ಮೊಣಕಾಲೂರಿದರು, ಇನ್ನೊಂದನ್ನು ಹೊರಡಲಿಕ್ಕೆ ತಯಾರಿಟ್ಟರು. ನಾನು ಹಿಂದೆ ಸರಿದು ಬಾಯಿ ಮುಚ್ಚಿಕೊಂಡೆ. ಬಾಯಮ್ಮ ಕಣ್ಣು ಮುಚ್ಚಿ ಶುರು ಮಾಡಿದರು. ಅದೇ ಕ್ಷಣಕ್ಕೆ ಸಿಪ್ರಿಯನ್ ಕೂಡ ಅದನ್ನೇ ಶುರು ಮಾಡಿದರು. ಇಬ್ಬರೂ ಅರ್ಧಕ್ಕೆ ಬಂದು ನಿಂತರು, ಇಬ್ಬರೂ ಉತ್ತರಕ್ಕೆ ಕಾದರು.

“ನೀನು ಉತ್ತರ ಕೊಡು,” ಎಂದರು ಬಾಯಮ್ಮ.

“ಹಾಂ ಮಾಂಯ್.”

ಮತ್ತೆ ಶುರುವಾಯಿತು. ಮತ್ತೆ ಎರಡು ಮೊದಲರ್ಧ. ಮೂರನೆಯ ಸಲ ಸಿಪ್ರಿಯನ್ ತುಟಿ ಬಿಗಿಹಿಡಿದು ಕಾದರು, ಸರಿಯಾದ ಜಾಗ ಬಂದಾಗ ಬಾಯಿ ತೆರೆದರು, ಬಂದದ್ದು ಪುನಃ ‘ನಮಾನ್ ಮರಿಯೆ.’ ತಿಂಗಳಿಡೀ ಮನೆಮನೆಗೆ ಹೋಗಿ ಮುಂದೆ ನಿಂತು ಹೇಳಿಸಿದ ನಾಲಿಗೆ ಅದು. ಹಿಂದೆ ಕೂತು ಮುಗಿಸುವ ಅಭ್ಯಾಸ ಅದಕ್ಕೆ ತಪ್ಪಿಹೋಗಿತ್ತು. ಹೊರಗೆ ಯಾರೋ ಹಾರ್ನ್ ಹೊಡೆದರು. ಬಾಯಮ್ಮ ಇನ್ನೂ ಕಾಯುತ್ತಿದ್ದರು. ಬಾಯಿ ತಡೆಯದೆ ಉಳಿದರ್ಧವನ್ನು ನಾನೇ ಹೇಳಿಬಿಟ್ಟೆ. ಸಿಪ್ರಿಯನ್ ನನ್ನ ಮುಖ ನೋಡಿದರು. ಅಂಗಡಿಯಲ್ಲಿ ಗಿರಾಕಿಯ ಎದುರು ಚಿಲ್ಲರೆ ಇಲ್ಲದೆ ನಿಂತವರ ಹಾಗೆ ಇತ್ತು ಅವರ ಮುಖ.

“ನಾಳೆ ಖಂಡಿತ, ಮಾಂಯ್,” ಎಂದು ಮೈಕು ಹಿಡಿದು ಎದ್ದು ಹೋದರು.

ಬಾಯಮ್ಮನ ಭುಜ ಅಲುಗುತ್ತಿತ್ತು. ನಗುತ್ತಿದ್ದಾರೆ ಎಂದುಕೊಂಡೆ. ಹತ್ತಿರ ಹೋದರೆ ಅಳುತ್ತಿದ್ದರು.

“ಊರಿಗೆಲ್ಲ ಕಲಿಸಿದ ಸೀತು. ನನ್ನದು ಮಾತ್ರ ಅವನಿಗೆ ಮರ್ತುಹೋಯ್ತು.”

ನನಗೂ ಅಳು ಬಂತು. ನನಗೆ ಮಕ್ಕಳಿಲ್ಲ, ಇರುವವರ ಸಂಕಟವನ್ನು ಹೊಟ್ಟೆಕಿಚ್ಚಿನಿಂದಲೇ ನೋಡಿದವಳು ನಾನು. ಅವತ್ತು ಮಾತ್ರ ಹೊಟ್ಟೆಕಿಚ್ಚಾಗಲಿಲ್ಲ.

ಮರುದಿನ ಇಪ್ಪತ್ತನಾಲ್ಕು. ಅವರಿಗೆ ವರ್ಷದಲ್ಲೇ ಹೆಚ್ಚು ಗಡಿಬಿಡಿಯ ದಿನ. ರಾತ್ರಿಯ ಪೂಜೆಗೆ ಇಗರ್ಜಿಯ ಅಂಗಳದಲ್ಲಿ ಬೆಂಚು ಹಾಕಿಸಬೇಕು, ದೀಪ ಕಟ್ಟಿಸಬೇಕು, ಗೋದಲಿಗೆ ಎರಡನೆಯ ಬಹುಮಾನ ಯಾಕೆ ಬಂತು ಎಂದು ಯಾರಲ್ಲಾದರೂ ಜಗಳವಾಡಬೇಕು. ಸಿಪ್ರಿಯನ್ ಹೇಳಿದ ‘ನಾಳೆ’ಗೆ ನಾನು ಕಾಸಿನ ಬೆಲೆ ಕೊಡಲಿಲ್ಲ. ಎಂದಿನಂತೆ ದೀಪ ಇಟ್ಟು, ಕೈಕಾಲು ತೊಳೆದು ಹೊರಟೆ. ನಮ್ಮ ಮೆಟ್ಟಿಲು ಇಳಿಯುವಾಗ ಕಂಡಿತು: ಅವರ ಅಂಗಳದಲ್ಲಿ ಬೈಕು.

ನಾನು ಅಲ್ಲಿಯೇ ಕೂತೆ. ಸಂತೋಷವಾಯಿತು. ಜೊತೆಗೆ ಬೇಜಾರೂ ಆಯಿತು. ಸಂಜೆಗೆ ನನಗೂ ಒಂದು ಕಡೆ ಹೋಗಲಿಕ್ಕಿತ್ತು, ನನಗೂ ಕಾಯುವವರೊಬ್ಬರಿದ್ದರು. ಅದು ಇನ್ನು ಇಲ್ಲ.

ಪಾಗಾರದಾಚೆ ಬೆನ್ನಾಳ ಬಳೆಯ ಸದ್ದು ಕೇಳಿತು, ಜೆನಿಟಾಳಿಗೆ ಚಾಪೆ ಹಾಕಲು ಹೇಳಿದ್ದೂ ಕೇಳಿತು. ಆಮೇಲೆ ಬಾಯಮ್ಮನ ಸ್ವರ ಎದ್ದಿತು. ಅದರ ಬೆನ್ನಿಗೆ, ನನ್ನ ದೇವರೇ, ಸಿಪ್ರಿಯನ್‌ರ ದೊಡ್ಡ ಗಂಟಲು: ಅದೇ ಮೊದಲರ್ಧ. ಗುರ್ಕಾರರು ಮುಂದಾದರೆ ಹಿಂದಿನವರು ಕಾಯಬೇಕಲ್ಲ, ಹೆಂಡತಿ ಮಗಳೂ ತಬ್ಬಿಬ್ಬಾಗಿ ಸುಮ್ಮನಾದರು. ಮನೆಯವರೆಲ್ಲ ಒಟ್ಟಿಗೆ ಇದ್ದರು, ಉತ್ತರ ಕೊಡುವವರು ಯಾರೂ ಇರಲಿಲ್ಲ.

ಸುಮ್ಮನಿರಬೇಕು ಎಂದುಕೊಂಡೆ. ಅದು ಅವರ ಮನೆಯ ವಿಷಯ. ಆದರೆ ಆ ಮುದುಕಿ ಕಾಯುತ್ತಿರುವುದು ನನಗೆ ಗೋಡೆ ದಾಟಿ ಕಾಣುತ್ತಿತ್ತು. ಮೆಟ್ಟಿಲ ಮೇಲೆ ಕೂತಲ್ಲಿಂದಲೇ ಉಳಿದರ್ಧವನ್ನು ಗಟ್ಟಿಯಾಗಿ ಹೇಳಿದೆ.

“ಕೇಳಿದ್ಯಾ ಪುತಾ?” ಎಂದು ಬಾಯಮ್ಮ ಹೇಳಿದ್ದು ಸ್ಪಷ್ಟ ಕೇಳಿತು. “ಹಾಗೆ ಕೊಡುದು.”

ಮತ್ತೆ ಬಾಯಮ್ಮ ಶುರು ಮಾಡಿದರು. ಈ ಸಲ ಸಿಪ್ರಿಯನ್ ತಡೆದುಕೊಂಡರು. ನಾನು ಉತ್ತರ ಎತ್ತಿದೆ, ಅವರು ಹಿಂದಿನಿಂದ ಅರ್ಧ ಶಬ್ದ ತಡವಾಗಿ ಬಂದರು. ಅದರ ಮುಂದಿನದಕ್ಕೆ ಬೆನ್ನಾ, ಜೆನಿಟಾ ಸೇರಿದರು. ಇನ್ನಷ್ಟು ಮಣಿ ಸರಿಯುವಾಗ ಸಿಪ್ರಿಯನ್‌ರ ಗಂಟಲು ನನ್ನದಕ್ಕಿಂತ ಮುಂದೆ ಹೋಗಿತ್ತು. ನಾನು ಸ್ವರ ಸ್ವಲ್ಪ ಸ್ವಲ್ಪ ತಗ್ಗಿಸಿ ನಿಲ್ಲಿಸಿದೆ. ಆಚೆ ಯಾರಿಗೂ ಗೊತ್ತಾಗಲಿಲ್ಲ.

ತೆರ್ಸ್ ಮುಗಿಯಿತು. ಆಮೇಲೆ ತುಂಬ ಹೊತ್ತು ಏನೂ ಕೇಳಲಿಲ್ಲ. ಬೆಸಾಂವ್ ಕೇಳಲಿಕ್ಕೆ ಅಷ್ಟು ಹೊತ್ತು ಬೇಕಿಲ್ಲ. ಕೈ ತಲೆಯ ಮೇಲಿಂದ ಏಳಲಿಲ್ಲವೆಂದು ಕಾಣುತ್ತದೆ. ಸಿಪ್ರಿಯನ್‌ರ ಫೋನು ಒಂದು ಸಲ ಬಡಿದುಕೊಂಡಿತು, ತಾನಾಗಿ ನಿಂತಿತು.

ನನ್ನ ಹಿಂದೆ ತ್ಯಾಂಪಣ್ಣ ಅವತ್ತು ತಡವಾಗಿ ಶಾಲು ಹೊದೆದು ಮಂದಿರಕ್ಕೆ ಹೊರಟು ನಿಂತಿದ್ದರು.

“ನೀನಿವತ್ತು ಹೋಗ್ಲಿಲ್ವಾ?”

“ಇವತ್ತು ಅವರ ಮಗ ಇದ್ದಾರೆ.”

ಅವರು ಒಂದು ಗಳಿಗೆ ನನ್ನ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತರು. ಏನೋ ಹೇಳುತ್ತಾರೆ ಎಂದು ನಾನೂ ಕಾದೆ. “ಬೀಗದ ಕೈ ನನ್ನಲ್ಲೇ ಉಂಟಲ್ಲ,” ಎಂದು ಎದ್ದು ಹೋದರು. ಆದರೂ ಕೂತರಲ್ಲ, ಅಷ್ಟಾದರೂ ಆಯಿತು.

ನಾನು ಒಳಗೆ ಹೋಗಲಿಕ್ಕೆ ಏಳುವಾಗ ಪಾಗಾರದ ಆಚೆಯಿಂದ ಬಾಯಮ್ಮ ಕರೆದರು. ಅಷ್ಟು ಗಟ್ಟಿಯಾಗಿ ಅವರು ಕರೆಯದೆ ಎಷ್ಟೋ ಕಾಲವಾಗಿತ್ತು.

“ಸೀತು, ಇದ್ದೀಯಾ?”

“ಇದ್ದೇನೆ ಬಾಯಮ್ಮ.”

“ನಾಳೆ ಇಬ್ಬರೂ ಊಟಕ್ಕೆ ಬನ್ನಿ. ಮತ್ತೆ ನಾಡಿದ್ದು ಸಂಜೆ ನೀನು ಬಾ. ಇವನಿಗೆ ಹೊಸ ವರ್ಷದ ಮೀಟಿಂಗ್ ಉಂಟಂತೆ.”

“ಬರ್ತೇನೆ,” ಎಂದೆ.